ಹಳೇ ಪ್ರಿಂಟರ್ ಮನೆಗೆ ಕೂಡಿಕೊಂಡ ಗುರುವಾರ

ನಮ್ಮೂರಿನಲ್ಲಿ ಮನೆಯವರು ಒಬ್ಬರಿಗೊಬ್ಬರು ಮಾತು ಬಿಟ್ಟರೆ ಮನೆಯ ಸಾಮಾನುಗಳೂ ಮಾತು ಬಿಡುತ್ತವೆ. ಗಂಡ ಹೆಂಡತಿ ಮುಖ ತಿರುಗಿಸಿಕೊಂಡು ಕೂತರೆ ಸ್ವಿಚ್ಚಿಗೂ ದೀಪಕ್ಕೂ ಸಂಬಂಧ ಇರುವುದಿಲ್ಲ. ಅತ್ತೆ ಸೊಸೆ ಮುನಿಸಿಕೊಂಡರೆ ಮಿಕ್ಸಿಯ ಜಾರು ಮೋಟರಿನ ಮೇಲೆ ಕೂರುತ್ತದೆ, ತಿರುಗುವುದಿಲ್ಲ. ಇದಕ್ಕೆ ನಾವು ಹೊಂದಿಕೊಂಡಿದ್ದೇವೆ. ದೋಸೆಗೆ ರುಬ್ಬುವ ಮೊದಲು ಹೆಂಗಸರು ಕಟ್ಟೆಯ ಮೇಲೆ ಐದು ನಿಮಿಷ ಕೂತು ಹೊಟ್ಟೆಯಲ್ಲಿದ್ದದ್ದನ್ನು ಹೊರಗೆ ಹಾಕುತ್ತಾರೆ. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋದರೆ ಮೊದಲು ಫ್ರಿಜ್ಜಿನ ಬಾಗಿಲು ತೆಗೆದು ಐಸು ಗಟ್ಟಿಯಿದೆಯೇ ಎಂದು ಒತ್ತಿ ನೋಡುತ್ತಾರೆ, ಜಾತಕ ಕೇಳುವುದು ಆಮೇಲೆ. ಹೊಸ ಮದುಮಕ್ಕಳಿಗೆ ಮೊದಲನೇ ವರ್ಷಕ್ಕೆಂದು ಯಾರಾದರೂ ಕಂದೀಲು ಉಡುಗೊರೆ ಕೊಟ್ಟೇ ಕೊಡುತ್ತಾರೆ. ಏನಾದರೂ ಸರಿ, ನನ್ನ ಸಿಟ್ಟು ನಾನು ಬಿಡುವವನಲ್ಲ ಎನ್ನುವ ಹಟಮಾರಿಗಳು ಕಟ್ಟಿಗೆ ಒಲೆ, ಒರಳುಕಲ್ಲು ಇಟ್ಟುಕೊಂಡು ಸುಖವಾಗಿದ್ದಾರೆ. ಅಂಥವರದೇ ಒಂದು ಓಣಿ ಇದೆ. ಮುಸ್ಸಂಜೆಗೆ ಸಾಲಾಗಿ ಕಂದೀಲು ಹಚ್ಚಿದಾಗ ಆ ಓಣಿ ನೋಡಲು ಬಹಳ ಚಂದ.

ನನ್ನ ಹೆಸರು ಇಂದುಮತಿ. ಊರವರಿಗೆ ಇಂದಕ್ಕ. ಯಾರ ಮನೆಯಲ್ಲಿ ಏನು ಕೆಟ್ಟು ನಿಂತರೂ ನನ್ನನ್ನು ಕರೆಯುತ್ತಾರೆ. ನಾನು ಒಂದು ಟೆಸ್ಟರು ಮತ್ತು ಒಂದು ಚೀಲ ಚುರುಮುರಿ ಹಿಡಿದುಕೊಂಡು ಹೋಗುತ್ತೇನೆ. ಟೆಸ್ಟರು ಮರ್ಯಾದೆಗೆ, ಕೆಲಸ ಮಾಡುವುದು ಚುರುಮುರಿ. ಮನೆಯವರನ್ನೆಲ್ಲ ದುಂಡಗೆ ಕೂರಿಸಿ, ನಡುವೆ ಚುರುಮುರಿ ಸುರಿದು, ಯಾರ ಮೇಲೆ ಯಾರಿಗೆ ಏನಿದೆ ಹೇಳಿ ಎನ್ನುತ್ತೇನೆ. ಬಾಯಿ ತುಂಬ ಚುರುಮುರಿ ಇದ್ದವರಿಗೆ ಜೋರಾಗಿ ಬೈಯಲು ಆಗುವುದಿಲ್ಲ. ಅರ್ಧ ತಾಸಿನಲ್ಲಿ ಯಾರೋ ಒಬ್ಬರು ಅಳುತ್ತಾರೆ, ಇನ್ನೊಬ್ಬರು ನಗುತ್ತಾರೆ, ಒಳಗೆ ಫ್ರಿಜ್ಜು ಗುರ್ ಎನ್ನುತ್ತದೆ. ಹದಿನೇಳು ವರ್ಷದಿಂದ ಇದೇ ಕೆಲಸ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ನಾನು ಕೈ ಹಾಕಿದ ಮನೆಯಲ್ಲಿ ದೀಪ ಹತ್ತದೇ ಉಳಿದದ್ದಿಲ್ಲ.

ಸೋತದ್ದು ಒಂದೇ ಕಡೆ. ಊರಿಗೆ ಇದ್ದದ್ದೊಂದು ಪ್ರಿಂಟಿಂಗ್ ಅಂಗಡಿ, ಅದನ್ನು ನಡೆಸುವ ಅಣ್ಣ ತಮ್ಮಂದಿರು ಹೊಸ ಬೋರ್ಡಿನ ಮೇಲೆ ಯಾರ ಹೆಸರು ಮೊದಲು ಬರಬೇಕು ಎಂಬುದಕ್ಕೆ ಮಾತು ಬಿಟ್ಟು ಮೂರು ವಾರವಾಗಿತ್ತು. ಅಂಗಡಿಯ ಮಷೀನುಗಳೆಲ್ಲ ತಣ್ಣಗೆ ಮಲಗಿದ್ದವು. ನಾನು ಹೋಗಿ ಕೂರಿಸಿದೆ. ಇಬ್ಬರೂ ಎದುರು ಬದುರು ಕೂತು ಚೀಲ ಖಾಲಿ ಮಾಡಿದರೇ ಹೊರತು ತುಟಿ ಪಿಟಕ್ಕೆನ್ನಲಿಲ್ಲ. ಹೊರಡುವಾಗ ಅಣ್ಣನಿಗೆ ನಾಚಿಕೆಯಾಗಿರಬೇಕು, ಮೂಲೆಯಲ್ಲಿದ್ದ ಒಂದು ಹಳೇ ಪ್ರಿಂಟರನ್ನು ಎತ್ತಿ ನನ್ನ ಕೈಗೆ ಕೊಟ್ಟ. ಅದರ ಮುಚ್ಚಳಕ್ಕೆ ರಬ್ಬರ್ ಬ್ಯಾಂಡು ಸುತ್ತಿತ್ತು. ಕೇಬಲ್ಲನ್ನು ಇಲಿ ಕಡಿದುಹಾಕಿತ್ತು. "ವೈಫೈದಿಂದ ನಡೀತೈತ್ರಿ ಅಕ್ಕಾರ, ಕೇಬಲ್ ಬ್ಯಾಡ" ಎಂದ. ಅದನ್ನು ತಂದು ಅಟ್ಟದ ಮೇಲೆ ಇಟ್ಟು ಮರೆತುಬಿಟ್ಟಿದ್ದೆ.

ಈಗ ನನ್ನ ನಾದಿನಿಯ ವಿಷಯ ಹೇಳಬೇಕು. ಕಸ್ತೂರಿ ನನ್ನ ಗಂಡ ಈರಣ್ಣನ ತಂಗಿ. ಹತ್ತೊಂಬತ್ತು ವರ್ಷದ ಹಿಂದೆ ನಾನು ಸೊಸೆಯಾಗಿ ಈ ಮನೆಗೆ ಬಂದಾಗ ಅವಳಿಗೆ ಇಪ್ಪತ್ತೆರಡು. ಆಗಿನಿಂದಲೂ ನೋಡಲು ಬಂದ ಗಂಡುಗಳನ್ನೆಲ್ಲ ಏನಾದರೊಂದು ನೆಪ ಹೇಳಿ ವಾಪಸು ಕಳಿಸುತ್ತ ಬಂದಳು. ಒಬ್ಬನ ಮನೆಯ ಐಸು ಮೆತ್ತಗಿತ್ತಂತೆ. ಇನ್ನೊಬ್ಬನ ಮನೆಯಲ್ಲಿ ಅವನ ತಾಯಿ ಒಳಗೆ ಬಂದ ಕೂಡಲೇ ಫ್ಯಾನು ನಿಂತಿತಂತೆ. ಹಿತ್ತಲ ಕೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಓಣಿಯ ಹೆಂಗಸರಿಗೆಲ್ಲ ಜಂಪರ್ ಹೊಲಿದುಕೊಡುತ್ತ, ಮಧ್ಯಾಹ್ನ ನನ್ನ ಜೊತೆ ಕೂತು ಎಲೆ ಅಡಿಕೆ ಹಾಕುತ್ತ, ಊರ ಸುದ್ದಿಯನ್ನೆಲ್ಲ ಕತ್ತರಿಸಿ ಹೊಲಿದು ಹೊಸದು ಮಾಡಿ ಹೇಳುತ್ತ ಇದ್ದಳು. ಅವಳು ಹೇಳುವ ಸುದ್ದಿ ಕೇಳದಿದ್ದರೆ ನನಗೆ ಉಂಡದ್ದು ಕರಗುತ್ತಿರಲಿಲ್ಲ.

ಅಂಥವಳು ನಲವತ್ತೊಂದರಲ್ಲಿ ಮದುವೆಗೆ ಹೂಂ ಅಂದಳು. ಗಂಡು ಗುರುಸಿದ್ದಪ್ಪ, ನಮ್ಮೂರಿಗೆ ಐದು ದಿನಕ್ಕೊಮ್ಮೆ ನೀರು ಬಿಡುವವನು. ನೀರು ಹದಿನೈದು ನಿಮಿಷ ಕಡಿಮೆ ಬಿಟ್ಟನೆಂದು ಇವಳು ಕೊಡ ಹಿಡಿದುಕೊಂಡು ಹೋಗಿ ಬೀದಿಯ ನೀರಿನ ವಾಲಿನ ಬಳಿಯೇ ಜಗಳ ತೆಗೆದಿದ್ದಳು. ಬೀದಿಯ ಜಗಳ ಯಾವ ಮನೆಯ ಮಷೀನಿಗೂ ತಟ್ಟುವುದಿಲ್ಲ, ಹಾಗಾಗಿ ಇಬ್ಬರೂ ಮನಸಾರೆ ಜಗಳಾಡಿದರು. ಎರಡು ವರ್ಷ, ಐದು ದಿನಕ್ಕೊಮ್ಮೆ, ಒಂದು ಸಲವೂ ತಪ್ಪಿಸದೆ. ಕೊನೆಗೆ ಅವನೇ ಕೇಳಿದನಂತೆ, "ಇಷ್ಟು ಛಂದ ಜಗಳಾಡೋರು ನನಗ ಬ್ಯಾರೆ ಯಾರೂ ಸಿಗೂದಿಲ್ಲ. ಮದಿವಿ ಆಗೂಣೇನ್ರಿ?" ಅವಳು ಮನೆಗೆ ಬಂದು ನನಗೆ ಹೇಳಿದಾಗ ಕೈಯಲ್ಲಿನ ಹಿಟ್ಟು ಸಮೇತ ಅವಳನ್ನು ತಬ್ಬಿಕೊಂಡು, "ಹೂಂ ಅಂದುಬಿಡು, ಹಿಂದ ಮುಂದ ನೋಡಬ್ಯಾಡ" ಎಂದವಳು ನಾನೇ. ಅವತ್ತಿನಿಂದ ಸೀರೆ ಆರಿಸುವುದು, ಪಾತ್ರೆ ಕಟ್ಟುವುದು, ಕರಿಗಡಬಿಗೆ ಹೂರಣ ಎಷ್ಟು ಎಂದು ಲೆಕ್ಕ ಹಾಕುವುದು, ಎಲ್ಲದಕ್ಕೂ ಮುಂದೆ ನಾನೇ. ಗುರುಸಿದ್ದಪ್ಪನಿಗೆ ನದಿಯ ಪಂಪುಮನೆಗೆ ವರ್ಗವಾಗಿತ್ತು. ಬಸ್ಸಿನಲ್ಲಿ ಎರಡು ತಾಸು ದೂರ, ಇರಲು ಮನೆ ಕೊಟ್ಟಿದ್ದರು, ಸೋಮವಾರ ಅವನು ಅಲ್ಲಿ ಹಾಜರಾಗಬೇಕು. ಮದುವೆ ನೋಂದಣಿ ಮಾಡುವ ಅಧಿಕಾರಿ ನಮ್ಮೂರಿಗೆ ಬರುವುದು ಎರಡು ತಿಂಗಳಿಗೊಮ್ಮೆ, ಗುರುವಾರ ಮಾತ್ರ. ಆ ಗುರುವಾರ ತಪ್ಪಿದರೆ ಇಬ್ಬರೂ ಬೇರೆ ಬೇರೆ ಊರಿನಲ್ಲಿ ಎರಡು ತಿಂಗಳು ಕಾಯಬೇಕು. ಹತ್ತೊಂಬತ್ತು ವರ್ಷ ಕಾದವಳನ್ನು ಇನ್ನೂ ಕಾಯಿಸುವುದು ನನಗೆ ಒಪ್ಪಿಗೆ ಇರಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಕಚೇರಿಯಿಂದ ಕಸ್ತೂರಿಯ ಮೊಬೈಲಿಗೆ ಅರ್ಜಿ ಬಂತು. ಮೂರು ಪುಟ. ಮೂರು ಪ್ರತಿ ಅಚ್ಚು ಹಾಕಿಸಿ, ತುಂಬಿ, ಸಂಜೆ ನಾಲ್ಕರೊಳಗೆ ತರಬೇಕು, ಅರ್ಜಿಯನ್ನು ಕೈಯಲ್ಲಿ ನಕಲು ಮಾಡಿ ತಂದರೆ ನಡೆಯುವುದಿಲ್ಲ ಎಂದು ಕೆಳಗೆ ಬರೆದಿತ್ತು. ಕಸ್ತೂರಿ ಮೊಬೈಲು ಹಿಡಿದುಕೊಂಡು ಅಡುಗೆಮನೆಗೆ ಬಂದಳು.

"ವೈನಿ, ಅಂಗಡಿ ಅಣ್ಣ ತಮ್ಮ ಇನ್ನೂ ಮಾತಾಡಿಲ್ಲಂತ್ರಿ. ಸಾಲಿಯಾಗೊಂದು ಪ್ರಿಂಟರ್ ಐತಿ, ಆದ್ರ ಸೂಟಿ. ಹೆಡ್ಮಾಸ್ತರು ಕೀಲಿ ತಗೊಂಡು ಮಗಳ ಊರಿಗೆ ಹೋಗ್ಯಾರ. ಈಗ ಏನ್ ಮಾಡೂದ್ರಿ?"

"ಮನಿ ಅಟ್ಟದ ಮ್ಯಾಲೆ ಪ್ರಿಂಟರ್ ಇಟಗೊಂಡು ಊರೆಲ್ಲಾ ಯಾಕ ತಿರಗತಿ? ಹದಿನೈದು ಮಿನಿಟು ಸಾಕು ನನಗ" ಎಂದೆ. ಆಗ ನನ್ನ ದನಿಯಲ್ಲಿ ಎಷ್ಟು ಜಂಬವಿತ್ತು ಎಂಬುದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಈರಣ್ಣ ಗಿರಣಿ ಮುಚ್ಚಿ ಬಂದು ಪ್ರಿಂಟರನ್ನು ಅಟ್ಟದಿಂದ ಇಳಿಸಿದರು. ನಮ್ಮದು ಹಿಟ್ಟಿನ ಗಿರಣಿ, ಅವರು ಎಲ್ಲಿ ನಿಂತರೂ ಸುತ್ತ ಒಂದಿಷ್ಟು ಬಿಳಿ ಉದುರುತ್ತದೆ. ಹಿತ್ತಲ ಕೋಣೆಯಲ್ಲಿ ಹೊಲಿಗೆ ಮಷೀನಿನ ಪಕ್ಕ ಮೇಜಿನ ಮೇಲೆ ಇಟ್ಟು, ಒರೆಸಿ, ಕಾಗದ ತುಂಬಿ ಸ್ವಿಚ್ಚು ಹಾಕಿದೆವು. ಕೆಂಪು ದೀಪ ಹತ್ತಿತು. ವೈಫೈ ಡಬ್ಬಿ ಇರುವುದು ಪಡಸಾಲೆಯ ಗೂಡಿನಲ್ಲಿ. ಡಬ್ಬಿಯ ಹಿಂದೆ ಒಂದು ಗುಂಡಿ, ಪ್ರಿಂಟರಿನ ಮುಂದೆ ಒಂದು ಗುಂಡಿ. ಅದನ್ನು ಒತ್ತಿ ಎರಡು ನಿಮಿಷದೊಳಗೆ ಇದನ್ನು ಒತ್ತಿದರೆ ಎರಡೂ ಒಂದನ್ನೊಂದು ಹುಡುಕಿಕೊಳ್ಳುತ್ತವೆ. ಪ್ರಿಂಟರಿನ ನೀಲಿ ದೀಪ ಮಿಣುಕುತ್ತದೆ, ಸಿಕ್ಕರೆ ಮಿಣುಕುವುದನ್ನು ನಿಲ್ಲಿಸಿ ಸ್ಥಿರವಾಗಿ ಉರಿಯುತ್ತದೆ. ಅಲ್ಲಿಂದಾಚೆ ಮೊಬೈಲಿನಲ್ಲಿರುವುದನ್ನು ಪ್ರಿಂಟರು ತಾನೇ ಅಚ್ಚು ಹಾಕುತ್ತದೆ. ಕಸ್ತೂರಿ ಪಡಸಾಲೆಯಲ್ಲಿ ಒತ್ತಿದಳು, ನಾನು ಹಿತ್ತಲಲ್ಲಿ ಒತ್ತಿದೆ. ಕೆಂಪು ದೀಪ ಕದಲಲಿಲ್ಲ. ನೀಲಿ ದೀಪ ಹತ್ತಲೇ ಇಲ್ಲ.

ನಮ್ಮತ್ತೆ ದ್ಯಾಮವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಎಪ್ಪತ್ತೆಂಟು ವರ್ಷ, ಆದರೂ ನಾಲಿಗೆಗೆ ವಯಸ್ಸಾಗಿಲ್ಲ. "ಜಗಳಾಡೋರ ಅಂಗಡಿಯಿಂದ ಬಂದದ್ದು. ದೃಷ್ಟಿ ತಗದು ಒಳಗ ತರಬೇಕಿತ್ತು" ಎಂದು ಹೇಳಿ, ಉಪ್ಪು ಮೆಣಸಿನಕಾಯಿ ತಂದು ಪ್ರಿಂಟರಿಗೆ ಮೂರು ಸುತ್ತು ಇಳಿಸಿ ಒಲೆಗೆ ಹಾಕಿದರು. ನಾವೆಲ್ಲ ಕೆಮ್ಮಿದೆವು. ಕೆಂಪು ದೀಪ ಹಾಗೆಯೇ ಇತ್ತು.

"ಹಂಗಾರ ಮನ್ಯಾಗ ಏನೋ ಐತಿ" ಎಂದೆ. ಊರವರ ಮನೆಯಲ್ಲಿ ಹೇಗೋ ಹಾಗೆಯೇ ಮಾಡಿದೆ. ಪಡಸಾಲೆಯಲ್ಲಿ ಎಲ್ಲರನ್ನೂ ದುಂಡಗೆ ಕೂರಿಸಿ, ನಡುವೆ ಚುರುಮುರಿ ಸುರಿದೆ. "ಯಾರ ಮ್ಯಾಲೆ ಯಾರಿಗೆ ಏನೈತಿ, ಮುಚ್ಚಿಡದ ಹೇಳ್ರಿ. ಟೈಮ್ ಇಲ್ಲ."

ಈರಣ್ಣ ಮೊದಲು ತಲೆ ಕೆರೆದುಕೊಂಡರು. ಆಮೇಲೆ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು, "ಹೇಳಲೇನು? ನನ್ನ ಸ್ವಂತ ತಂಗಿ ಮದಿವಿ ಸುದ್ದಿ ನನಗ ಹೇಳಿದಾಂವ ಯಾರು? ಹಾಲಿನಾಂವ. ಗಿರಣ್ಯಾಗ ನಾಕು ಮಂದಿ ಮುಂದ ನಿಂತು, ಈರಣ್ಣಾರ, ಶುಭಾಶಯ ಅಂದ. ಯಾತಕ್ಕೋ ಅಂದೆ. ಅಷ್ಟೂ ಮಂದಿ ನಕ್ರು" ಎಂದರು.

"ಅಯ್ಯ ಅಣ್ಣಾ, ನಿನಗ ಹೇಳಾಕ ನನಗ ನಾಚಿಕಿ ಆಗಿತ್ತು. ಹಾಲಿನಾಂವಗ ನಾ ಹೇಳೇ ಇಲ್ಲ!" ಎಂದಳು ಕಸ್ತೂರಿ. ಎಲ್ಲರೂ ದ್ಯಾಮವ್ವನ ಕಡೆ ತಿರುಗಿದೆವು.

"ಹೌದು, ನಾನ ಹೇಳೇನಿ" ಎಂದರು ಅತ್ತೆ. "ಖುಷಿ ಆದ್ರ ಯಾರಿಗ್ಯಾರ ಹೇಳಬೇಕಲ್ಲ. ಮುಂಜಾನೆ ಐದಕ್ಕ ಬಾಗಲಾಗ ನಿಂತಾಂವ ಅವನೊಬ್ಬನ. ನೀ ಗೊರಕಿ ಹೊಡ್ಯಾಕತ್ತಿದ್ದಿ."

ಈರಣ್ಣನಿಗೆ ನಗು ತಡೆಯಲಾಗಲಿಲ್ಲ. ಚುರುಮುರಿ ಗಂಟಲಿಗೆ ಹತ್ತಿ, ಕಸ್ತೂರಿ ಅವರ ಬೆನ್ನು ಗುದ್ದಬೇಕಾಯಿತು. ನಾನು ಎದ್ದು ಹಿತ್ತಲ ಕೋಣೆಗೆ ಹೋಗಿ ಬಗ್ಗಿ ನೋಡಿದೆ. ಕೆಂಪು ದೀಪ ಆರಿತ್ತು.

"ಒಂದು ಹೋತು! ಮುಂದ ಯಾರು?" ಎಂದು ಕೂಗುತ್ತ ಓಡಿ ಬಂದೆ.

ಮುಂದೆ ದ್ಯಾಮವ್ವ. ಅವರ ದೂರು ನನ್ನ ಮೇಲೆ. "ಮೊಬೈಲ್ದಾಗ ಅಕ್ಷರ ದೊಡ್ಡವು ಮಾಡಿಕೊಡು ಅಂತ ಹೇಳಿ ಎಂಟು ದಿನಾತು. ಈಕಿ ಊರ ಮಂದಿ ಮಿಕ್ಸಿ ಕೂಡಿಸಾಕ ಓಡತಾಳ, ಅತ್ತಿ ಕಣ್ಣು ಕಾಣವಲ್ಲವು ಅನ್ನೂದು ಈಕಿಗೆ ಕಾಣವಲ್ಲದು." ನಾನು ನಾಲಿಗೆ ಕಚ್ಚಿಕೊಂಡು ಅಲ್ಲೇ ಮೊಬೈಲು ಇಸಿದುಕೊಂಡು ಅಕ್ಷರಗಳನ್ನು ಅವರೆಕಾಳಿನಷ್ಟು ದೊಡ್ಡದು ಮಾಡಿಕೊಟ್ಟೆ. ಅತ್ತೆ ಕನ್ನಡಕ ತೆಗೆದಿಟ್ಟು ತಮ್ಮ ತಂಗಿ ಕಳಿಸಿದ್ದ ಎಂಟು ದಿನದ ಶುಭೋದಯಗಳನ್ನೆಲ್ಲ ಜೋರಾಗಿ ಓದಿದರು. ನನಗೂ ಒಂದು ದೂರಿತ್ತು, ಈರಣ್ಣ ಹಿಟ್ಟಿನ ಅಂಗಿಯನ್ನು ನನ್ನ ಒಗೆದ ಸೀರೆಯ ಮೇಲೆಯೇ ಎಸೆಯುತ್ತಾರೆ. ಅದನ್ನೂ ಹೇಳಿದೆ. ಅವರು ಎರಡೂ ಕಿವಿ ಹಿಡಿದುಕೊಂಡರು. ಈ ಸಲ ಗುಂಡಿ ಒತ್ತಿದಾಗ ನೀಲಿ ದೀಪ ಮಿಣುಕತೊಡಗಿತು. ನಾವೆಲ್ಲ ಮೇಜಿನ ಮೇಲೆ ಬಗ್ಗಿದೆವು. ಎರಡು ನಿಮಿಷ ಮಿಣುಕಿ ಮಿಣುಕಿ ಅದು ಆರಿಹೋಯಿತು. ಮೊಬೈಲಿನಲ್ಲಿ ಪ್ರಿಂಟರ್ ಸಿಗಲಿಲ್ಲ ಎಂದು ಬಂತು.

ಇನ್ನೊಂದು ಸಲ ಒತ್ತಿದೆವು. ಮತ್ತೊಂದು ಸಲ. ನಾಲ್ಕನೆಯ ಸಲ ಮುಗಿದಾಗ ಗಂಟೆ ಒಂದೂವರೆ. ಹುಡುಕಿಕೊಳ್ಳುವುದೇನೋ ಹುಡುಕಿಕೊಳ್ಳುತ್ತಿತ್ತು, ಸಿಗುತ್ತಿರಲಿಲ್ಲ. ಅತ್ತೆ ಎಲ್ಲರ ಕೈಗೂ ರೊಟ್ಟಿಯಲ್ಲಿ ಜುಣಕದ ವಡಿ ಸುತ್ತಿ ಕೊಟ್ಟರು, ನಿಂತೇ ತಿಂದೆವು. ಕಸ್ತೂರಿ ಮಾತ್ರ ಅರ್ಧ ರೊಟ್ಟಿಯನ್ನು ಹಾಗೆಯೇ ಹಿಡಿದುಕೊಂಡಿದ್ದಳು. "ಆಗೂದಿಲ್ಲ ಅಂತ ಕಾಣತೈತ್ರಿ ವೈನಿ" ಎಂದಳು ಸಣ್ಣಗೆ. "ಆಗದ ಏನ್ ಮಾಡತೈತಿ!" ಎಂದು ನಾನು ಗದರಿದೆ. ನನ್ನ ಹದಿನೇಳು ವರ್ಷದ ಹೆಸರು ನನ್ನ ಮನೆಯಲ್ಲಿಯೇ ಮಣ್ಣುಪಾಲಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಅವಳ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಎರಡು ಗಂಟೆಗೆ ಗುರುಸಿದ್ದಪ್ಪ ಬಂದ. ಇಸ್ತ್ರಿ ಮಾಡಿದ ಹೊಸ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಅವನಿಗೆ ಕುಂಡ್ರು ಎಂದೂ ಹೇಳದೆ ನಾನು ನೇರವಾಗಿ ಕೇಳಿದೆ, "ನಮ್ಮ ಮನಿಯವರ ಮ್ಯಾಲೆ ನಿನ್ನ ಮನಸಿನ್ಯಾಗ ಏನರ ಐತೇನು?"

ಅವನು ಬೆವತುಹೋದ. ತೋಳಿನಿಂದ ಹಣೆ ಒರೆಸಿಕೊಂಡು, "ಒಂದೈತ್ರಿ ಅಕ್ಕಾರ. ಮುಚ್ಚಿಟ್ಟಿದ್ದೆ. ಒಂದು ವರ್ಷದಿಂದ ನಿಮ್ಮ ಓಣಿಗೆ ಇಪ್ಪತ್ತು ಮಿನಿಟು ನೀರು ಜಾಸ್ತಿ ಬಿಡಾಕತ್ತೇನಿ. ಮಂದಿಗೆ ಗೊತ್ತಾದ್ರ ಹೊಡೀತಾರ" ಎಂದ.

"ಇಪ್ಪತ್ತು ಮಿನಿಟು ಜಾಸ್ತಿ ಬಿಟಗೋತ, ಕಡಿಮಿ ಬಿಟ್ಟೆ ಅಂತ ನನ್ನ ಕೂಡ ಜಗಳಾಡಿದ್ರೇನು?" ಎಂದು ಕಸ್ತೂರಿ ಕೇಳಿದಳು.

"ಕಡಿಮಿ ಬಿಟ್ಟಿಲ್ಲ ಅಂದಿದ್ರ ನೀವು ಕೊಡಾ ತಗೊಂಡು ಬರತಿದ್ದಿಲ್ಲಲ್ರೀ."

ಕಸ್ತೂರಿ ಕೈಯಲ್ಲಿದ್ದ ಅರ್ಧ ರೊಟ್ಟಿಯನ್ನು ಅವನ ಮೇಲೆ ಎಸೆದಳು. ಅವನು ಹಿಡಿದುಕೊಂಡು ತಿಂದ. ಮನೆಯೆಲ್ಲ ನಗು. ಇಷ್ಟು ನಗುವ ಮನೆಯಲ್ಲಿ ಒಂದು ಪ್ರಿಂಟರು ಕೂಡಿಕೊಳ್ಳದೇ ಇರಲು ಏನು ಕಾರಣ ಎಂದು ನನಗೆ ತಲೆ ಕೆಟ್ಟಿತು. ಐದನೆಯ ಸಲ ಒತ್ತಿದೆವು. ನೀಲಿ ದೀಪ ಮಿಣುಕಿತು, ಆರಿತು.

"ಇಂದೂ" ಎಂದರು ದ್ಯಾಮವ್ವ. ಅವರು ನನ್ನನ್ನು ಹೆಸರು ಹಿಡಿದು ಕರೆಯುವುದು ಅಪರೂಪ. "ಎಲ್ಲಾರ್ನೂ ಕೇಳಿದಿ. ನಿನ್ನ ಯಾರು ಕೇಳಿದ್ರು?"

"ನಂದು ಆಗಲೇ ಹೇಳಿದ್ನೆಲ್ರಿ ಅತ್ತಿ. ಸೀರಿ ಮ್ಯಾಲೆ ಹಿಟ್ಟು."

"ಹಿಟ್ಟಿಂದಲ್ಲ."

"ನನ್ನ ಮನಸಿನ್ಯಾಗ ಯಾರ ಮ್ಯಾಲೂ ಏನಿಲ್ಲ" ಎಂದು ಹೇಳಿ ಸರಸರನೆ ಹಿತ್ತಲ ಕೋಣೆಗೆ ಹೋಗಿಬಿಟ್ಟೆ. ಸಿಟ್ಟು ಬಂದಿತ್ತು. ನನ್ನ ಕಸುಬನ್ನು ನನಗೇ ಕಲಿಸುತ್ತಾರಲ್ಲ ಎಂದು. ಹಾಗೆ ನೋಡಿದರೆ ನಿಜವನ್ನೇ ಹೇಳಿದ್ದೆ. ಅಲ್ಲಿಯ ತನಕ ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಹದಿನೇಳು ವರ್ಷ ನಾನು ಮನೆಮನೆಗಳಲ್ಲಿ ಹುಡುಕಿದ್ದು ಸಿಟ್ಟನ್ನು, ಹೊಟ್ಟೆಕಿಚ್ಚನ್ನು, ಹಳೇ ಮಾತುಗಳನ್ನು. ಬೇರೆ ಏನನ್ನಾದರೂ ಹುಡುಕಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ಆದರೆ ಒಂದು ತಿಂಗಳಿಂದ ನಮ್ಮ ಮಿಕ್ಸಿ ಮೂರು ಸಲ ಸ್ವಿಚ್ಚು ಹಾಕಿದರೆ ಒಂದು ಸಲ ತಿರುಗುತ್ತಿತ್ತು. ವೋಲ್ಟೇಜು ಇಲ್ಲ ಎಂದು ಹೇಳಿ ನಾನೇ ಎಲ್ಲರ ಬಾಯಿ ಮುಚ್ಚಿಸಿದ್ದೆ. ಬೇರೆಯವರ ಮನೆಯಲ್ಲಿ ಯಾರಾದರೂ ವೋಲ್ಟೇಜಿನ ಮಾತು ತೆಗೆದರೆ ನಾನು ಅವರನ್ನೇ ಮೊದಲು ಹಿಡಿಯುವವಳು.

ಮೇಜಿನ ಪಕ್ಕ ಕಸ್ತೂರಿಯ ಹೊಲಿಗೆ ಮಷೀನು ಇತ್ತು. ಸೋಮವಾರ ಸಾಗಿಸಲೆಂದು ಅದಕ್ಕೆ ಹಳೇ ಚಾದರ ಸುತ್ತಿ ಹಗ್ಗ ಬಿಗಿದಿದ್ದೆವು. ಬಿಗಿದವಳೂ ನಾನೇ.

ಪಡಸಾಲೆಯಿಂದ ಅವಳ ದನಿ ಬಂತು. "ವೈನಿ, ಇದೊಂದ ಸಲ ನೋಡೂಣ್ರಿ. ಮೂರು ಆಗಾಕ ಬಂತು. ಒತ್ತಿದೆ, ನೀವು ಒತ್ತ್ರಿ."

ಒತ್ತಿದೆ. ನೀಲಿ ದೀಪ ಮಿಣುಕಲು ಶುರುವಾಯಿತು. ನಾನು ಇಲ್ಲಿ, ಅವಳು ಅಲ್ಲಿ, ನಡುವೆ ಎರಡು ಗೋಡೆ. ಅವಳ ಮುಖ ಕಾಣುತ್ತಿದ್ದರೆ ನನಗೆ ಹೇಳಲು ಆಗುತ್ತಿರಲಿಲ್ಲವೇನೋ. ಹಗ್ಗ ಬಿಗಿದ ಮಷೀನಿನ ಮೇಲೆ ಕೈ ಇಟ್ಟುಕೊಂಡು, ಇಡೀ ಮನೆಗೆ ಕೇಳುವಂತೆ ಕೂಗಿದೆ.

"ಕಸ್ತೂರೀ, ಹೋಗಬ್ಯಾಡ."

ಹೊಸ ಅಂಗಿಯ ಗುರುಸಿದ್ದಪ್ಪ ಅಲ್ಲೇ ಇದ್ದಾನೆ ಎಂಬುದು ನೆನಪಾಯಿತು, ಆದರೆ ಬಾಯಿ ನಿಲ್ಲಲಿಲ್ಲ. "ನೀ ಹೋದ ಮ್ಯಾಲೆ ಮಧ್ಯಾಹ್ನಕ್ಕ ನಾ ಯಾರ ಕೂಡ ಮಾತಾಡ್ಲಿ? ಈ ಮನಿಗೆ ಬಂದಾಗ ನನಗ ರೊಟ್ಟಿ ಬಡಿಯಾಕ ಬರತಿದ್ದಿಲ್ಲ. ನೀ ಬಡದು, ವೈನಿ ಬಡದಾರ ಅಂತ ಅವ್ವಗ ಸುಳ್ಳ ಹೇಳತಿದ್ದಿ. ನನಗ ನೀ ಬೇಕು. ಇದನ್ನ ಹೇಳಿದ್ರ ನೀ ಹೋಗೂದು ಬಿಟ್ಟುಬಿಡತಿ ಅಂತ ನುಂಗಿಕೊಂಡಿದ್ದೆ."

ಆ ಕಡೆಯಿಂದ ಕಸ್ತೂರಿ ಕೂಗಿದಳು. ಅಳುತ್ತಿದ್ದಳು, ಬೈಯುತ್ತಲೂ ಇದ್ದಳು.

"ಈಗ ಹೇಳತೀರೇನ್ರಿ ಇದನ್ನ? ಒಂದು ತಿಂಗಳಾತು ಕಾಯಾಕತ್ತಿ! ಸುದ್ದಿ ಹೇಳಿದ ಕೂಡಲೇ ಹೂಂ ಅಂದ್ರಿ. ಮರುದಿನ ಸೀರಿ ತಂದ್ರಿ. ನನ್ನ ಮಷೀನು ನೀವ ಕಟ್ಟಿದ್ರಿ. ಒಂದು ಹನಿ ಕಣ್ಣೀರು ಹಾಕಲಿಲ್ಲ. ನನ್ನ ಕಳಸಾಕ ವೈನಿಗೆ ಇಷ್ಟು ಅವಸರ ಐತೇನು ಅಂತ ನಾ ದಿನಾ ಆ ಮಷೀನಿನ ಮುಂದ ಕುಂತು ಅತ್ತೇನ್ರಿ!"

"ಹುಚ್ಚಿ! ಅವಸರ ಮಾಡಲಿಲ್ಲಂದ್ರ ನಾ ನಿನ್ನ ಕಾಲ ಹಿಡಕೊಂಡು ಕುಂಡ್ರತಿದ್ನೆಲ್ಲ!"

"ಹಿಡಕೋಬೇಕಿತ್ತು! ಒಂದ ದಿನರ ಹಿಡಕೋಬೇಕಿತ್ತು!"

"ಹೋಗಬ್ಯಾಡ ಅಂತೂ ಅಂತೀನಿ, ಹೋಗು ಅಂತೂ ಅಂತೀನಿ. ಎರಡೂ ಖರೇನ. ಏನ್ ಮಾಡತಿ ಮಾಡು!"

"ಹೋಗತೇನಿ! ಹದಿನೈದು ದಿನಕ್ಕೊಮ್ಮಿ ಬರತೇನಿ! ನೀವೂ ಬರಬೇಕು!"

ಇಬ್ಬರೂ ಗಂಟಲು ಹರಿಯುವಂತೆ ಕೂಗಾಡುತ್ತಿದ್ದೆವು. ನಡುವಿನ ಕೋಣೆಯಲ್ಲಿ ನಿಂತಿದ್ದ ಈರಣ್ಣ ಮಾತು ಬಂದ ಕಡೆಗೆಲ್ಲ ಕತ್ತು ತಿರುಗಿಸಿ ತಿರುಗಿಸಿ ಸುಸ್ತಾಗಿ ಕೂತುಬಿಟ್ಟರಂತೆ. ನನ್ನ ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. ಸೆರಗಿನಿಂದ ಒರೆಸಿಕೊಂಡು ನೋಡಿದರೆ, ನೀಲಿ ದೀಪ ಮಿಣುಕುವುದನ್ನು ನಿಲ್ಲಿಸಿ ಸುಮ್ಮನೆ ಉರಿಯುತ್ತಿತ್ತು. ಯಾವಾಗ ನಿಂತಿತೋ, ಯಾವ ಮಾತಿಗೆ ನಿಂತಿತೋ ಯಾರೂ ನೋಡಲಿಲ್ಲ.

"ಸಿಕ್ತು!" ಎಂದು ನಾನು ಕಿರುಚಿದೆ. ಪಡಸಾಲೆಯಿಂದ ಅವಳೂ "ಸಿಕ್ತ್ರೀ!" ಎಂದು ಕಿರುಚಿದಳು, ಮೊಬೈಲಿನಲ್ಲಿ ಪ್ರಿಂಟರಿನ ಹೆಸರು ಬಂದಿತ್ತು. ಅವಳು ಓಡಿ ಬಂದು ನನ್ನನ್ನು ಅಪ್ಪಿಕೊಂಡಳು. ಇಬ್ಬರೂ ಅಳುತ್ತ ನಗುತ್ತ ಮೂಗು ಒರೆಸಿಕೊಳ್ಳುತ್ತ ನಿಂತಿದ್ದಾಗ ಪ್ರಿಂಟರು ನರಳಿತು, ಕೆಮ್ಮಿತು, ಮೊದಲ ಹಾಳೆಯನ್ನು ಮೆಲ್ಲಗೆ ಒಳಗೆ ಎಳೆದುಕೊಂಡಿತು. ಆ ಹಾಳೆಯನ್ನು ನೋಡಿದಷ್ಟು ಹೊತ್ತು ನಾನು ಯಾವ ಮದುಮಗಳ ಮುಖವನ್ನೂ ನೋಡಿರಲಿಕ್ಕಿಲ್ಲ.

ಒಂಬತ್ತು ಹಾಳೆಗೆ ಇಪ್ಪತ್ತೆರಡು ನಿಮಿಷ ಬೇಕಾಯಿತು. ಪ್ರತಿ ಹಾಳೆಯ ಎಡಗಡೆ ಒಂದು ಬೂದು ಪಟ್ಟೆ. ಐದನೆಯದು ಅರ್ಧಕ್ಕೆ ಸಿಕ್ಕಿಬಿದ್ದು, ಗುರುಸಿದ್ದಪ್ಪ ಹೊಸ ಅಂಗಿಯ ತೋಳು ಮೇಲೇರಿಸಿ, ವಾಲು ತಿರುಗಿಸುವ ಕೈಯಿಂದ ಬಹಳ ನಾಜೂಕಾಗಿ ಎಳೆದ. ಅತ್ತೆ ಒಂದೊಂದನ್ನೇ ತೆಗೆದು ಬಿಸಿ ಇದೆ ಬಿಸಿ ಇದೆ ಎಂದು ಎಲ್ಲರಿಗೂ ಮುಟ್ಟಿ ತೋರಿಸಿದರು. ನಾನು ತುಂಬಬೇಕಾದದ್ದನ್ನೆಲ್ಲ ಹೊಲಿಗೆ ಮಷೀನಿನ ಮೇಲೆಯೇ ಇಟ್ಟುಕೊಂಡು ತುಂಬಿದೆ. ಮೂರೂ ನಲವತ್ತಕ್ಕೆ ಐದೂ ಜನ ಗಿರಣಿಯ ಸಾಮಾನು ಗಾಡಿ ಹತ್ತಿದೆವು. ಈರಣ್ಣ ಕುಲುಕಾಡಿಸಿ ಓಡಿಸಿದ ರಭಸಕ್ಕೆ ಗಾಡಿಯಲ್ಲಿದ್ದ ಹಿಟ್ಟೆಲ್ಲ ಎದ್ದು, ಕಚೇರಿ ಮುಟ್ಟುವಾಗ ವಧು, ವರ, ಅತ್ತೆ, ನಾನು ಎಲ್ಲರೂ ಒಂದೇ ಬಣ್ಣ. ಬಾಗಿಲಲ್ಲಿದ್ದ ಜವಾನ ಇವರಲ್ಲಿ ಮದುಮಗಳು ಯಾರು ಎಂದು ಕೇಳಿದ. ದ್ಯಾಮವ್ವ "ನಾನ" ಎಂದು ಹೇಳಿ ಒಳಗೆ ನಡೆದೇ ಬಿಟ್ಟರು.

ಅಧಿಕಾರಿ ಪರಸ್ಥಳದವ, ಚಿಕ್ಕ ವಯಸ್ಸಿನವ, ಗಂಭೀರ ಮುಖದವ. ಹಿಟ್ಟು ಉದುರದಂತೆ ಹಾಳೆಗಳನ್ನು ಕೊಡವಿ ಒಂದೊಂದಾಗಿ ನೋಡಿದ. ಬೂದು ಪಟ್ಟೆಯನ್ನು ಬೆರಳಿನಿಂದ ಒರೆಸಲು ನೋಡಿದ, ಹೋಗಲಿಲ್ಲ, ಬಿಟ್ಟ. ಕಸ್ತೂರಿಯ ಕೈಯಲ್ಲಿ, ಗುರುಸಿದ್ದಪ್ಪನ ಕೈಯಲ್ಲಿ ಎಲ್ಲ ಕಡೆ ಸಹಿ ಹಾಕಿಸಿದ. ಕೊನೆಯ ಹಾಳೆಗೆ ಬಂದು, ಪೆನ್ನು ಎತ್ತಿಕೊಂಡು, ತಲೆಯೆತ್ತದೆ ಕೇಳಿದ, "ಈ ಮದುವೆಗೆ ಇಲ್ಲಿರೋರದ್ದು ಯಾರದಾದರೂ ತಕರಾರು ಇದೆಯಾ?"

"ನಂದೈತ್ರಿ" ಎಂದೆ.

ಅಧಿಕಾರಿ ಪೆನ್ನು ಕೆಳಗಿಟ್ಟ. ಈರಣ್ಣ ಬಾಯಿ ತೆರೆದರು. ಗುರುಸಿದ್ದಪ್ಪನ ಮುಖದಲ್ಲಿ ಹಿಟ್ಟಿನ ಬಿಳುಪನ್ನೂ ಮೀರಿಸುವ ಬಿಳುಪು ಬಂತು. ಕಸ್ತೂರಿ ಒಬ್ಬಳೇ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, ಎಲ್ಲಿ ನಗು ಬಂದುಬಿಡುತ್ತದೋ ಎಂದು ತುಟಿ ಕಚ್ಚಿಕೊಂಡಿದ್ದಳು.

"ಏನು ತಕರಾರು ಹೇಳಿ" ಎಂದ ಅಧಿಕಾರಿ. "ನಾನು ಬರೆದುಕೊಳ್ಳಬೇಕಾಗುತ್ತೆ."

"ಆಕಿ ಹೋದ್ರ ನನಗ ಭಾಳ ಬ್ಯಾಸರ ಆಗತೈತ್ರಿ. ಅಷ್ಟ."

ಅವನು ನನ್ನ ಮುಖ ನೋಡಿದ, ಕಸ್ತೂರಿಯ ಮುಖ ನೋಡಿದ, ನಮ್ಮಿಬ್ಬರ ಕೈ ನೋಡಿದ. ಗಂಭೀರ ಮುಖ ಸ್ವಲ್ಪ ಸಡಿಲಾಯಿತು. ಪೆನ್ನು ಮತ್ತೆ ಎತ್ತಿಕೊಂಡು, "ಈಗ ನಾನು ಏನಂತ ಬರೀಲಿ ಅಮ್ಮಾ?" ಎಂದು ಕೇಳಿದ.

"ತಕರಾರು ಐತಿ ಅಂತ ಬರೀರಿ" ಎಂದೆ. "ಮದಿವಿ ಆಗಲಿ ಅಂತ ಬರೀರಿ."

ಅವನು ಮೂರೂ ಪ್ರತಿಯ ಮೇಲೆ ಹಾಗೆಯೇ ಬರೆದು, ಕೆಳಗೆ ನನ್ನ ಸಹಿ ಹಾಕಿಸಿಕೊಂಡ.